ಅಡಿಗೆಯವನ ಕಿವಿ



ಬಾನುಲಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು. ನೀವು ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಉರಿ ಸಣ್ಣ ಮಾಡಿ ಬನ್ನಿ. ಸೀದು ಹೋದರೆ ಬಾನುಲಿಯವರನ್ನು ಬೈಯಬೇಡಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವನು. ಮೇಳಿಗೆ ಅಂದರೆ ಓದುವವರಿಗೆ ನೆನಪಾಗುವುದು ಯು. ಆರ್. ಅನಂತಮೂರ್ತಿ. ಅವರು 1932ರಲ್ಲಿ ಹುಟ್ಟಿದ ಊರು ಅದು. ನಾನೂ ಅಲ್ಲಿಯೇ ಹುಟ್ಟಿದವನು. ಅವರ ಕೈಗೆ ಲೇಖನಿ ಬಂತು, ನನ್ನ ಕೈಗೆ ಸಟ್ಟುಗ ಬಂತು. ಸಟ್ಟುಗ ಹಿಡಿದು ನಲವತ್ತು ವರ್ಷದ ಹತ್ತಿರ ಆಯಿತು.

ಈ ಸಲ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ನಮ್ಮ ಕೇರಿಯ ಹುಡುಗನೊಬ್ಬ ಬಂದಿದ್ದ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಎರಡು ವರ್ಷ ಕೆಲಸ ಮಾಡಿದವನು. ರಾಮೇಶ್ವರನ ತೇರು ನೋಡಿ ವಾಪಸು ಬರುವಾಗ ಕೇಳಿದ. "ಭಟ್ರೇ, ನಂಗೆ ಹೋಟ್ಲು ಸಾಕಾಯ್ತು. ಪ್ರೈವೇಟ್ ಶೆಫ್ ಆಗ್ಬೇಕು ಅಂತ ಇದೀನಿ. ಎಲ್ಲಿಂದ ಶುರು ಮಾಡೋದು?"

ನನಗೆ ನಗು ಬಂತು. ಅಪ್ಪಯ್ಯ ಬದುಕಿದ್ದಷ್ಟು ದಿನ ಮಾಡಿದ್ದು ಇದನ್ನೇ. ಇನ್ನೊಬ್ಬರ ಮನೆಗೆ ಹೋಗುವುದು. ಅವರ ಒಲೆಯ ಮುಂದೆ ನಿಲ್ಲುವುದು. ಅವರ ಬಾಯಿಗೆ ಹಿತವಾದದ್ದನ್ನು ಮಾಡುವುದು. ಆಗ ಜನ ಅಡಿಗೆಭಟ್ರು ಅನ್ನುತ್ತಿದ್ದರು. ಈಗ ಪತ್ರಿಕೆಯವರು ಬಾಣಸಿಗ ಅಂತ ಹಳಗನ್ನಡದ ಮಾತು ಹುಡುಕಿ ತಂದಿದ್ದಾರೆ. ಹುಡುಗರು ಶೆಫ್ ಅನ್ನುತ್ತಾರೆ. ಬಿಳಿ ಕೋಟು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ಚೆಂದವೇ. ಬಾಳೆಕಾಯಿ ಹೆಚ್ಚುವ ದಿನ ಮಾತ್ರ ಕಳಚಿಟ್ಟರೆ ಒಳ್ಳೆಯದು. ಅದರ ಕಲೆ ಹೋಗುವುದಿಲ್ಲ.

ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಒಂದೇ ಮಾತಿನದು. ಕೇಳು ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಮ್ಮ ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ. ಪ್ರಶ್ನೆ ಹಾಕಿದರೂ ಕೇಳುವುದೇ, ಕಿವಿಗೊಟ್ಟರೂ ಕೇಳುವುದೇ. ಮನೆ ಅಡಿಗೆಗೆ ಹೊರಟವನಿಗೆ ಎರಡೂ ಬೇಕು. ಇವತ್ತು ನಾನು ಹೇಳುವುದು ಅಷ್ಟೇ. ಆದರೆ ಅಷ್ಟನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕು.

ಮೊದಲು ಒಂದು ಹಳೆಯ ಕಥೆ. ನಿಮಗೆ ಗೊತ್ತಿರುವುದೇ. ಯಕ್ಷಗಾನದ ಆಟದಲ್ಲಿ ಕೀಚಕವಧೆ ನೋಡಿದ್ದೀರಿ. ವಲಲ ಬರುತ್ತಾನೆ. ಅಜ್ಞಾತವಾಸದ ಭೀಮ. ಕೈಯಲ್ಲಿ ಸಟ್ಟುಗ. ವಿರಾಟನ ಆಸ್ಥಾನಕ್ಕೆ ಬಂದು ಅಡಿಗೆ ಕೆಲಸ ಕೊಡಿ ಅನ್ನುತ್ತಾನೆ. ವಿರಾಟ ಅವನ ಮೈಕಟ್ಟು ನೋಡುತ್ತಾನೆ. ನಿನ್ನನ್ನು ನೋಡಿದರೆ ಅಡಿಗೆಯವನ ಹಾಗೆ ಕಾಣುವುದಿಲ್ಲವಲ್ಲ ಅನ್ನುತ್ತಾನೆ. ಆಗ ಭೀಮ ಏನು ಹೇಳಿದ? ಮೊದಲು ಧರ್ಮರಾಯನ ಮನೆಯಲ್ಲಿ ಅಡಿಗೆಗೆ ಇದ್ದೆ ಅಂದ. ಅಷ್ಟಕ್ಕೆ ಅಡಿಗೆಮನೆಯ ಯಜಮಾನಿಕೆಯೇ ಸಿಕ್ಕಿತು.

ಇವತ್ತಿಗೂ ಈ ಕೆಲಸ ಸಿಗುವ ದಾರಿ ಅದೇ. ಸರ್ಟಿಫಿಕೇಟು ಇದ್ದರೆ ಒಳ್ಳೆಯದೇ. ಬೆಂಗಳೂರಿನಲ್ಲಿ ಕಲಿಸುವ ಸಂಸ್ಥೆಗಳಿವೆ. ಆಗುಂಬೆ ಘಾಟಿ ಇಳಿದರೆ ಮಣಿಪಾಲದಲ್ಲೂ ಇದೆ. ಅಮೃತಸರದ ವಿಕಾಸ್ ಖನ್ನಾ ಓದಿದ್ದು ಅಲ್ಲಿಯೇ. ಆದರೆ ಮನೆಯೊಳಗೆ ಬಿಟ್ಟುಕೊಳ್ಳುವವರು ಬೇರೆಯದನ್ನೇ ವಿಚಾರಿಸುತ್ತಾರೆ. ಮುಂಚೆ ಯಾರ ಮನೆಯಲ್ಲಿದ್ದೆ? ಅಲ್ಲಿ ಎಷ್ಟು ದಿನ ಇದ್ದೆ? ಯಾಕೆ ಬಿಟ್ಟೆ? ಈ ಮೂರನೆಯ ಪ್ರಶ್ನೆಗೆ ಹಿಂದಿನ ಮನೆಯನ್ನು ಬೈದು ಉತ್ತರ ಕೊಟ್ಟವನಿಗೆ ಕೆಲಸ ಸಿಕ್ಕಿದ್ದನ್ನು ನಾನು ಕಾಣೆ.

ಭೀಮನದು ಪುರಾಣ ಆಯಿತು. ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದಿನದು. ಉಡುಪಿ ಕಡೆಯ ಒಂದು ಸಣ್ಣ ಹಳ್ಳಿಯಿಂದ ಮೂವರು ಅಣ್ಣತಮ್ಮಂದಿರು 1920ರ ಹೊತ್ತಿಗೆ ಬೆಂಗಳೂರಿಗೆ ಹೋದರು. ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ, ಯಜ್ಞನಾರಾಯಣ ಮಯ್ಯ. ದೊಡ್ಡವರ ಮನೆಗಳಲ್ಲಿ ಅಡಿಗೆಗೆ ನಿಂತರು. ನಾಲ್ಕು ವರ್ಷ ಕಳೆಯಿತು. 1924ರಲ್ಲಿ ಪರಮೇಶ್ವರ ಮಯ್ಯರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಸಣ್ಣ ಕಾಫಿ ಕ್ಲಬ್ಬು ತೆರೆದರು. ನೆರವಾದವರು ಅವರು ಅಡಿಗೆಗಿದ್ದ ಮನೆಯ ಯಜಮಾನರು. ಆ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎಂಟಿಆರ್ ಅಂದರೆ ಸಾಕು, ನಿಮಗೆ ಗೊತ್ತಾಯಿತು.

ಎಂಟಿಆರ್ ಹೋಟೆಲಿನ ಹೊಗಳಿಕೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಆ ನಾಲ್ಕು ವರ್ಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಆಸಕ್ತಿ ಇರುವುದು ಅಲ್ಲಿ. ಅಡಿಗೆಯವನು ಕೆಲಸ ಬಿಟ್ಟು ಹೋದರೆ ಯಜಮಾನನಿಗೆ ನಷ್ಟ. ಆದರೂ ಹೋಗು, ಅಂಗಡಿ ತೆರೆ, ನಾನಿದ್ದೇನೆ ಅನ್ನಬೇಕಾದರೆ ಆ ಮನೆಯ ನಾಲಿಗೆ ಎಷ್ಟು ತಣಿದಿರಬೇಕು, ಯೋಚನೆ ಮಾಡಿ.

ಇಲ್ಲಿಯವರೆಗೆ ಎರಡು ಕಥೆ ಹೇಳಿದೆ. ಭೀಮನದು, ಮಯ್ಯರದು. ಇಬ್ಬರಿಗೂ ದಾರಿ ತೆರೆದದ್ದು ಒಂದು ಮನೆ. ಈಗ ನನ್ನ ಕಥೆ. ಇದರಲ್ಲಿ ಹೊಗಳಿಕೊಳ್ಳುವಂಥದ್ದು ಏನೂ ಇಲ್ಲ.

1986. ಮಳೆಗಾಲ ಮುಗಿದಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಮಲ್ಲೇಶ್ವರದ ಒಂದು ಮನೆ. ಯಜಮಾನರು, ಅಮ್ಮ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಐದು ಜನ. ಅಪ್ಪಯ್ಯನ ಜೊತೆ ಮುನ್ನೂರು ನಾನೂರು ಎಲೆಯ ಉಪನಯನಗಳಲ್ಲಿ ದುಡಿದವನು ನಾನು. ಐದು ಜನರ ಅಡಿಗೆ ನನಗೆ ಯಾವ ಲೆಕ್ಕ?

ಮೊದಲ ದಿನ ಹೋಳಿಗೆ ಮಾಡಿದೆ. ಹುಳಿ, ಸಾರು, ಎರಡು ಪಲ್ಯ, ಕೋಸಂಬರಿ, ಮೆಣಸುಕಾಯಿ, ಚಿತ್ರಾನ್ನ. ಊರಿಂದ ಒಯ್ದ ಅಪ್ಪೆಮಿಡಿಯಲ್ಲಿ ಅಪ್ಪೆಹುಳಿ. ಮಕ್ಕಳು ಹೋಳಿಗೆ ತಿಂದು ಎದ್ದರು. ಯಜಮಾನರು ಚೆನ್ನಾಗಿದೆ ಅಂದರು, ಎರಡನೇ ಸಲ ಏನನ್ನೂ ಹಾಕಿಸಿಕೊಳ್ಳಲಿಲ್ಲ. ಅಜ್ಜಿ ಮೂರು ತುತ್ತು ಮಜ್ಜಿಗೆ ಅನ್ನ ಉಂಡು ಕೈ ತೊಳೆದರು. ರಾತ್ರಿ ಪಾತ್ರೆ ಪಾತ್ರೆ ಅಡಿಗೆ ಉಳಿಯಿತು.

ಅಮ್ಮ ಅಡಿಗೆಮನೆಗೆ ಬಂದರು. ಬೈಯಲಿಲ್ಲ. "ಅಜ್ಜಿಗೆ ಹಲ್ಲಿಲ್ಲ ಭಟ್ರೇ. ಇವರಿಗೆ ಸಕ್ಕರೆ ಕಾಯಿಲೆ. ನೀವು ಕೇಳಲೇ ಇಲ್ಲವಲ್ಲ" ಅಂದರು.

ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮರುದಿನ ಬೆಳಿಗ್ಗೆ ಅಜ್ಜಿಯ ಹತ್ತಿರ ಹೋಗಿ ಕೂತೆ. ಏನು ಸೇರುತ್ತದೆ ಅಜ್ಜಿ ಅಂದೆ. ಮೆತ್ತಗಿನ ಅನ್ನ, ಏನಾದರೂ ತಂಪು ಅಂದರು. ಮೆಂತೆ ತಂಬುಳಿ ಮಾಡಿದೆ. ಮೆಂತೆ, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ನುಣ್ಣಗೆ ಅರೆದು, ಮಜ್ಜಿಗೆಗೆ ಕಲಸಿದರೆ ಆಯಿತು. ಕುದಿಸುವ ಹಾಗಿಲ್ಲ. ಹತ್ತು ನಿಮಿಷದ ಕೆಲಸ. ಅಜ್ಜಿ ಬಟ್ಟಲು ಬರಿದು ಮಾಡಿದರು. ಹಿಂದಿನ ದಿನ ನಾನು ಆರು ಗಂಟೆ ಒಲೆಯ ಮುಂದೆ ಬೆವರು ಸುರಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಹೋಟೆಲಿಗೂ ಮನೆಗೂ ಇರುವ ದೂರ ಇದು. ಹೋಟೆಲಿನವನ ರುಚಿ ಹುಡುಕಿಕೊಂಡು ಜನ ಬರುತ್ತಾರೆ. ಮನೆ ಅಡಿಗೆಯವನು ಜನರ ರುಚಿ ಹುಡುಕಿಕೊಂಡು ಹೋಗಬೇಕು.

ಹಾಗಾದರೆ ಏನೇನು ಕೇಳಬೇಕು? ಕೆಲಸ ಒಪ್ಪಿಕೊಳ್ಳುವ ಮೊದಲೇ ಆ ಮನೆಯಲ್ಲಿ ಅರ್ಧ ಗಂಟೆ ಕೂತು ಕೇಳಿ. ಎಷ್ಟು ಜನ, ಯಾರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಉಪ್ಪು ಕಡಿಮೆ ಮಾಡಬೇಕಾದವರು ಯಾರು, ಯಾರಿಗೆ ಯಾವುದು ಒಗ್ಗುವುದಿಲ್ಲ. ಶೇಂಗಾ ಒಗ್ಗದ ಮಕ್ಕಳಿರುತ್ತಾರೆ. ಗೋಧಿ ಒಗ್ಗದವರಿರುತ್ತಾರೆ. ಅದು ಹಟ ಅಲ್ಲ, ಪ್ರಾಣದ ಪ್ರಶ್ನೆ. ಬರೆದಿಟ್ಟುಕೊಳ್ಳಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ.

ಮತ್ತೆ ಆಚಾರ. ಬೆಂಗಳೂರಿನ ಮಾಧ್ವರ ಮನೆಗೆ ಆಷಾಢದಲ್ಲಿ ಸೇರಿದಿರಿ ಅಂತ ಇಟ್ಟುಕೊಳ್ಳಿ. ಚಾತುರ್ಮಾಸ್ಯ ಶುರುವಾಗಿರುತ್ತದೆ. ಮೊದಲ ತಿಂಗಳು ತರಕಾರಿ ಇಲ್ಲ. ಎರಡನೇ ತಿಂಗಳು ಮೊಸರಿಲ್ಲ. ಮೂರನೇ ತಿಂಗಳು ಹಾಲಿಲ್ಲ. ನಾಲ್ಕನೇ ತಿಂಗಳು ಬೇಳೆಕಾಳಿಲ್ಲ. ಇದು ತಿಳಿಯದೆ ಹೋದವನು ಚೀಲದ ತುಂಬ ತರಕಾರಿ ತಂದು ಬಾಗಿಲಲ್ಲಿ ನಿಲ್ಲುತ್ತಾನೆ. ಜೈನರ ಮನೆಯಾದರೆ ಹೊತ್ತು ಮುಳುಗುವ ಮೊದಲು ಊಟ. ಗಡ್ಡೆ ಗೆಣಸು ನಡೆಯುವುದಿಲ್ಲ. ನಮ್ಮ ಮೇಳಿಗೆಯಲ್ಲಿ ಬಸದಿ ಇದೆ. ಹಾಗಾಗಿ ಈ ಪದ್ಧತಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಹೊಸಬರಿಗೆ ಗೊತ್ತಿಲ್ಲದಿದ್ದರೆ ತಪ್ಪಿಲ್ಲ. ಕೇಳದಿದ್ದರೆ ತಪ್ಪು.

ಇನ್ನೊಂದು ಮಾತು. ಒಲೆ, ಪಾತ್ರೆ, ಮಿಕ್ಸಿ ಕಣ್ಣಾರೆ ನೋಡಿ ಬನ್ನಿ. ಕಟ್ಟಿಗೆ ಒಲೆಯಲ್ಲಿ ಪಳಗಿದವನು ಕರೆಂಟಿನ ಒಲೆಯ ಮುಂದೆ ಕೈಕಟ್ಟಿ ನಿಂತದ್ದು ನೋಡಿದ್ದೇನೆ. ನಾನೇ ಅದು.

ಮನೆಯವರನ್ನು ಕೇಳುವ ವಿಷಯ ಹೇಳಿದೆ. ಈಗ ಕೇಳು ಅನ್ನುವ ಮಾತಿನ ಇನ್ನೊಂದು ಅರ್ಥಕ್ಕೆ ಬರುತ್ತೇನೆ. ಕಿವಿಗೊಡುವುದು. ಯಾರಿಗೆ? ಒಲೆಗೆ.

ಅಪ್ಪಯ್ಯ ಅಡಿಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ದೇವರ ನೈವೇದ್ಯಕ್ಕೆ ಮೊದಲು ನಾಲಿಗೆಗೆ ಹಾಕುವಂತಿಲ್ಲ. ನಾನೂರು ಜನರ ಹುಳಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಮೂಗಿನಿಂದ ತಿಳಿಯುತ್ತಿದ್ದರು. ಉಳಿದದ್ದನ್ನು ಕಿವಿಯಿಂದ. ನಾನು ಅವರ ಕೈಯಾಳಾಗಿ ಮೊದಲ ವರ್ಷ ಮಾಡಿದ್ದು ಎರಡೇ ಕೆಲಸ. ತೆಂಗಿನಕಾಯಿ ತುರಿಯುವುದು, ಒರಳಲ್ಲಿ ರುಬ್ಬುವುದು. ಒರಳಿನ ಸದ್ದು ಮೊದಲು ಗರಗರ ಅನ್ನುತ್ತದೆ. ಮಸಾಲೆ ನುಣ್ಣಗಾಗುತ್ತ ಬಂದ ಹಾಗೆ ಸದ್ದು ಮೆತ್ತಗಾಗುತ್ತದೆ. ಅಪ್ಪಯ್ಯ ಹೊರಗೆ ಜಗಲಿಯಲ್ಲಿ ಕವಳ ಹಾಕುತ್ತ ಕೂತಲ್ಲಿಂದಲೇ "ಇನ್ನೂ ಆಗಲಿಲ್ಲ ಮಾಣಿ" ಅನ್ನುತ್ತಿದ್ದರು.

ಬಾನುಲಿಯಲ್ಲಿ ಅಡಿಗೆ ತೋರಿಸಲು ಆಗುವುದಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಡಿಗೆಯಲ್ಲಿ ಕೇಳಿಸುವುದೇ ಹೆಚ್ಚು. ನಾಳೆ ಬೆಣ್ಣೆ ಕಾಯಿಸುವಾಗ ಕಣ್ಣು ಮುಚ್ಚಿ ಕೇಳಿ ನೋಡಿ. ಬೆಣ್ಣೆಯಲ್ಲಿ ನೀರಿರುವ ತನಕ ಚಟಪಟ ಸದ್ದು. ನೀರು ಹಾರಿ ಹೋದ ಮೇಲೆ ಸದ್ದು ಇಳಿಯುತ್ತದೆ. ಆಗ ತುಪ್ಪ ಆಯಿತು. ಇನ್ನೂ ಬಿಟ್ಟರೆ ಕರಟುತ್ತದೆ. ಬೋಂಡಾ ಕರಿಯುವಾಗಲೂ ಹಾಗೇ. ಎಣ್ಣೆಯ ಗಲಾಟೆ ಕಡಿಮೆಯಾದರೆ ಒಳಗಿನ ನೀರು ಹೋಗಿದೆ ಅಂತ. ಬೆಲ್ಲದ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಉಂಡೆ ಮಾಡಿ ತಟ್ಟೆಗೆ ಎಸೆಯಿರಿ. ಟಣ್ ಅಂದರೆ ಚಿಕ್ಕಿಗೆ ಸರಿ. ಅತ್ರಾಸಕ್ಕೆ ಅಷ್ಟು ಗಟ್ಟಿ ಬೇಡ, ಸದ್ದಿಲ್ಲದೆ ಕೂರಬೇಕು.

ಎಲ್ಲ ಮನೆಯಲ್ಲೂ ರುಚಿ ನೋಡಬಾರದು ಅಂತ ನಾನು ಹೇಳುತ್ತಿಲ್ಲ. ನೈವೇದ್ಯದ ಕಟ್ಟಿಲ್ಲದ ಕಡೆ ಬೇರೆ ಚಮಚದಲ್ಲಿ ನೋಡಿ. ಆ ಚಮಚ ಮತ್ತೆ ಪಾತ್ರೆಗೆ ಹೋಗಬಾರದು. ಮನೆಯವರು ಹೇಳುವುದಿಲ್ಲ, ಆದರೆ ನೋಡುತ್ತಿರುತ್ತಾರೆ.

ಮನೆಯನ್ನು ಕೇಳಿ ಅಂದೆ, ಒಲೆಯನ್ನು ಕೇಳಿ ಅಂದೆ. ಇನ್ನು ಲೆಕ್ಕ. ಸಮಾರಂಭದ ಅಡಿಗೆಯಿಂದ ಮನೆ ಅಡಿಗೆಗೆ ಬರುವವರು ಎಡವುವುದು ಇಲ್ಲಿ.

ನೂರು ಜನರ ಊಟಕ್ಕೆ ನಾವು ಹತ್ತು ಹನ್ನೆರಡು ಕಿಲೋ ಅಕ್ಕಿ ಹಿಡಿಯುತ್ತೇವೆ. ನಾಲ್ಕು ಜನಕ್ಕೆ ಅದನ್ನೇ ಭಾಗ ಮಾಡಿದರೆ ಅಕ್ಕಿಯ ಲೆಕ್ಕವೇನೋ ಸರಿ ಬರುತ್ತದೆ. ನೀರಿನ ಲೆಕ್ಕ ಬರುವುದಿಲ್ಲ. ಕೊಪ್ಪರಿಗೆಯಲ್ಲಿ ನೀರು ಆರುವುದು ನಿಧಾನ. ಸಣ್ಣ ಪಾತ್ರೆಯ ಸಾರು ನೋಡನೋಡುತ್ತಿದ್ದಂತೆ ಬತ್ತುತ್ತದೆ, ಉಪ್ಪು ಏರುತ್ತದೆ. ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದ ಮೇಲೂ ಅನ್ನ ಒಳಗೊಳಗೇ ಬೇಯುತ್ತಿರುತ್ತದೆ. ಅದಕ್ಕೇ ನಾವು ಸ್ವಲ್ಪ ಬಿರುಸಾಗಿರುವಾಗಲೇ ಬಸಿಯುತ್ತೇವೆ. ಮನೆಯ ಪಾತ್ರೆಯಲ್ಲಿ ಹಾಗೆ ಮಾಡಿದರೆ ನುಚ್ಚು ಉಂಡ ಹಾಗಾಗುತ್ತದೆ. ಆದ್ದರಿಂದ ಹೊರಡುವ ಮೊದಲು ಒಂದು ತಿಂಗಳು ನಿಮ್ಮ ಮನೆಯಲ್ಲಿಯೇ ನಾಲ್ಕು ಜನರ ಅಡಿಗೆ ಮಾಡಿ. ದಿನಾ ಮಾಡಿ. ಹೆಂಡತಿಗೆ ಬಿಡುವು ಸಿಕ್ಕಿದ್ದು ಲಾಭ.

ಮಾದರಿ ಅಡಿಗೆ ಮಾಡಿ ತೋರಿಸಿ ಅಂತ ಕರೆದರೆ ಇಪ್ಪತ್ತು ಬಗೆ ಮಾಡಬೇಡಿ. ನನ್ನ ಹೋಳಿಗೆಯ ಗತಿ ಕೇಳಿದಿರಲ್ಲ. ಅನ್ನ, ಸಾರು, ಒಂದು ಪಲ್ಯ, ಒಂದು ತಂಬುಳಿ. ಸಾರು ಒಂದು ಸರಿಯಾದರೆ ಉಳಿದದ್ದನ್ನು ಮನ್ನಿಸುತ್ತಾರೆ.

ಅಕ್ಕಿ ನೀರಿನ ಲೆಕ್ಕ ಆಯಿತು. ದುಡ್ಡಿನ ಲೆಕ್ಕಕ್ಕೆ ಬರೋಣ. ಇಲ್ಲಿ ಕೇಳುವುದು ನಮ್ಮವರಿಗೆ ಬಲು ಕಷ್ಟ.

ಮಲ್ಲೇಶ್ವರದ ಯಜಮಾನರು ಸಂಬಳ ಎಷ್ಟು ಅಂತ ಕೇಳಿದಾಗ ನಾನು ಏನಂದೆ ಗೊತ್ತೇ? ನಿಮಗೆ ತಿಳಿದಷ್ಟು ಕೊಡಿ ಅಂದೆ. ಅಪ್ಪಯ್ಯ ಹಾಗೆ ಅನ್ನುತ್ತಿದ್ದರು. ಅವರ ಕಾಲದಲ್ಲಿ ಸರಿಯಿತ್ತು. ವೀಳ್ಯ ಕೊಟ್ಟು ಕರೆಯುತ್ತಿದ್ದರು. ಅಕ್ಕಿ, ಕಾಯಿ, ಪಂಚೆ ಎಲ್ಲ ಸೇರುತ್ತಿತ್ತು. ಕೊಟ್ಟವರೂ ಅದೇ ಊರಿನವರು, ಕಡಿಮೆ ಕೊಟ್ಟರೆ ಊರಿಗೇ ಗೊತ್ತಾಗುತ್ತಿತ್ತು. ಬೆಂಗಳೂರಿನಲ್ಲಿ ಯಾರಿಗೆ ಏನು ಗೊತ್ತಾಗುತ್ತದೆ? ಮೂರು ತಿಂಗಳಾದ ಮೇಲೆ ಹೂಗಿಡಕ್ಕೆ ನೀರು ಹಾಕಲು ಬರುವವನಿಗೆ ನನಗಿಂತ ಹೆಚ್ಚು ಸಿಗುತ್ತಿದೆ ಅಂತ ಗೊತ್ತಾಯಿತು. ಅವನು ಕೇಳಿದ್ದ. ನಾನು ಕೇಳಿರಲಿಲ್ಲ. ಯಜಮಾನರ ತಪ್ಪು ಅನ್ನಲಾರೆ.

ಈಗ ನಾನು ಹೇಳುವುದು ಹೀಗೆ. ಕೂಲಿ ಬೇರೆ, ಸಾಮಾನು ಬೇರೆ, ಬಸ್ಸಿನ ಖರ್ಚು ಬೇರೆ. ಸಾಮಾನಿನ ಪಟ್ಟಿ ನಾವು ಬರೆಯುವುದು, ತರುವುದು ಅವರು. ಅಂಗಡಿಯ ದುಡ್ಡು ನಮ್ಮ ಕೈಯಲ್ಲಿ ಓಡಾಡದಿದ್ದರೆ ಇಬ್ಬರಿಗೂ ನೆಮ್ಮದಿ. ಒಂದು ದಿನದ ಅಡಿಗೆಗೆ ಕರೆದರೆ ಅರ್ಧ ಮುಂಗಡ. ನಮ್ಮ ಕಡೆ ಎಲೆಗೆ ಇಷ್ಟು ಅಂತ ಮಾತಾಡುವ ರೂಢಿ ಇದೆ. ಇನ್ನೂರು ಎಲೆಗೆ ಅದು ಸರಿ. ಹತ್ತು ಎಲೆಗೆ ಎಲೆ ಲೆಕ್ಕ ಹೇಳಿದಿರೋ, ಕೆಟ್ಟಿರಿ. ಹತ್ತು ಜನಕ್ಕಾದರೂ ಒಲೆಯ ಮುಂದೆ ನಿಲ್ಲುವ ಹೊತ್ತು ಕಡಿಮೆಯೇನೂ ಆಗುವುದಿಲ್ಲ. ದಿನದ ಲೆಕ್ಕ ಹೇಳಿ.

ಸರಕಾರದ ನಿಯಮಗಳ ಬಗ್ಗೆ ಎರಡು ಮಾತು. ಮನೆಗೆಲಸದವರಿಗೆ ಕನಿಷ್ಠ ಕೂಲಿ ಅಂತ ಕರ್ನಾಟಕ 2004ರಲ್ಲಿಯೇ ಗೊತ್ತುಮಾಡಿದೆ. 2021ರಿಂದ ಇ-ಶ್ರಮ್ ನೋಂದಣಿ ಇದೆ. ಅಸಂಘಟಿತ ಕೆಲಸಗಾರರಿಗೆ, ದುಡ್ಡಿಲ್ಲದೆ. ಅಡಿಗೆ ಗುತ್ತಿಗೆ ಹಿಡಿಯುವ ಹಂತಕ್ಕೆ ಬಂದರೆ ಆಹಾರ ಸುರಕ್ಷತೆಯ ಪರವಾನಗಿಯೂ ಬೇಕು. ಇವುಗಳ ವಿವರಕ್ಕೆ ಹೋದರೆ ನನ್ನ ಹದಿನೈದು ನಿಮಿಷ ಸಾಲದು.

ಇದುವರೆಗೆ ಹೋಗಿ ಸೇರುವ ಮಾತಾಯಿತು. ಯಾರು ಹೋಗಬಹುದು? ಏನನ್ನು ತೆಗೆದುಕೊಂಡು ಹೋಗಬಹುದು?

ಅಪ್ಪಯ್ಯನ ಕಾಲದಲ್ಲಿ ಇದು ಒಂದು ಜಾತಿಯ, ಅದರಲ್ಲೂ ಗಂಡಸರ ಕೆಲಸ. ಆ ಕಾಲ ಮುಗಿದದ್ದು ಒಳ್ಳೆಯದಾಯಿತು. ಈಗ ನಮ್ಮ ಸೀಮೆಗೆ ಬರುವ ನೆಂಟರು, ಹೋಮ್‌ಸ್ಟೇಗೆ ಬರುವವರು ಹುಡುಕುವುದು ಕಡುಬು ಕೋಳಿಸಾರು, ಅಕ್ಕಿರೊಟ್ಟಿ, ಏಡಿ ಸಾರು. ಅದು ನನಗೆ ಬರುವುದಿಲ್ಲ. ಒಕ್ಕಲಿಗರ, ದೀವರ ಮನೆಯ ಹೆಂಗಸರ ಕೈಯಲ್ಲಿ ಆ ವಿದ್ಯೆ ಇದೆ. ಹೊಸನಗರ, ಸಾಗರದ ಕಡೆ ಹೋಮ್‌ಸ್ಟೇಗಳಲ್ಲಿ ಅಡಿಗೆ ಶುರುಮಾಡಿ, ಅಲ್ಲಿ ಉಂಡು ಹೋದ ಬೆಂಗಳೂರಿನವರೇ ತಮ್ಮ ಮನೆಗೆ ಕರೆಸಿಕೊಂಡ ಅಕ್ಕಂದಿರಿದ್ದಾರೆ. ಶುರುಮಾಡಲು ಇದಕ್ಕಿಂತ ಸುಲಭದ ಜಾಗ ಇಲ್ಲ.

ತೆಗೆದುಕೊಂಡು ಹೋಗಲು ಏನಿದೆ ಅಂತ ಕೇಳಬೇಡಿ. ಕೆಳದಿ ಸಾಗರದ ಪಕ್ಕದಲ್ಲಿದೆ. ಅಲ್ಲಿನ ಅರಸ ಬಸಪ್ಪನಾಯಕ ಸುಮಾರು ಮುನ್ನೂರು ವರ್ಷದ ಹಿಂದೆ ಶಿವತತ್ತ್ವರತ್ನಾಕರ ಅನ್ನುವ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಅಡಿಗೆಯ ವಿಷಯವೂ ಇದೆ. ಅರಸರೇ ಬರೆದಿಡಬೇಕು ಅಂದುಕೊಂಡ ವಿದ್ಯೆ ಇದು. ಉಳಿದದ್ದು ನಮ್ಮ ಅಜ್ಜಿಯರ ಬಾಯಲ್ಲಿದೆ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಚೆಟ್ಟು, ಎಲ್ಲದಕ್ಕೂ ತಂಬುಳಿ ಮಾಡುತ್ತಾರೆ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ತಿನ್ನಬಾರದು. ಕಹಿ ಮಾತ್ರ ಅಲ್ಲ, ಅದರಲ್ಲಿ ವಿಷವೂ ಇದೆ. ಕೆಸುವಿನೆಲೆಗೆ ಹುಳಿ ಕಡಿಮೆಯಾದರೆ ಪತ್ರೊಡೆ ತಿಂದವನ ಗಂಟಲು ತುರಿಸುತ್ತದೆ. ಇದನ್ನೆಲ್ಲ ಹೋಟೆಲ್ ಓದಿನಲ್ಲಿ ಕಲಿಸುವುದಿಲ್ಲ. ಅಜ್ಜಿಯರಿರುವಾಗ ಕೇಳಿಟ್ಟುಕೊಳ್ಳಬೇಕು.

ಸಮಯ ಮುಗಿಯುತ್ತಿದೆ ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಆ ಹುಡುಗನ ಸುದ್ದಿ ಹೇಳಿ ಬಿಡುತ್ತೇನೆ.

ಅವನಿಗೆ ಜಯನಗರದ ಒಂದು ಮನೆ ಸಿಕ್ಕಿದೆ. ಮೊನ್ನೆ ಫೋನು ಮಾಡಿದ್ದ. ಆ ಮನೆಯ ಮಗುವಿಗೆ ಗೋಧಿ ಒಗ್ಗುವುದಿಲ್ಲ. ಕೇಳಿ ಬರೆದಿಟ್ಟುಕೊಂಡಿದ್ದಾನೆ. ಚಪಾತಿ, ರವೆ, ಶ್ಯಾವಿಗೆ ಎಲ್ಲ ಬಿಟ್ಟಿದ್ದಾನೆ. ಆದರೂ ಸಾರನ್ನ ಉಂಡ ದಿನ ಮಗುವಿಗೆ ಹೊಟ್ಟೆನೋವು. "ಎಂತ ಮಾಡ್ಲಿ ಭಟ್ರೇ? ಸಾರಲ್ಲಿ ಗೋಧಿ ಎಲ್ಲಿಂದ ಬರತ್ತೆ?"

"ಇಂಗಿನ ಡಬ್ಬಿ ತೆಗಿ" ಅಂದೆ. "ಹಿಂದೆ ಸಣ್ಣ ಅಕ್ಷರದಲ್ಲಿ ಎಂತ ಬರ್ದಿದಾರೆ, ಗಟ್ಟಿಯಾಗಿ ಓದು."

ಓದಿದ. ಅರೇಬಿಕ್ ಅಂಟು, ಖಾದ್ಯ ತೈಲ, ಗೋಧಿ ಹಿಟ್ಟು.

ಸ್ವಲ್ಪ ಹೊತ್ತು ಅವನ ಸದ್ದಿಲ್ಲ. ಆಮೇಲೆ, "ಹಂಗಾರೆ ಒಗ್ಗರಣೆಗೆ?"

"ತುಪ್ಪದಲ್ಲಿ ಸಾಸಿವೆ, ನಾಲ್ಕು ಕಾಳು ಮೆಂತೆ ಹಾಕು. ಕೆಂಪಾದ ಮೇಲೆ ಕರಿಬೇವು. ಮೆಂತೆ ಕರಟಿಸಬೇಡ, ಕಹಿಯಾಗತ್ತೆ. ಸಾಸಿವೆ ಚಟಪಟ ನಿಂತದ್ದೇ ಇಳಿಸು" ಅಂದೆ.

ಫೋನು ಇಡಲಿಲ್ಲ ಅವನು. ಬಾಣಲೆಯ ಹತ್ತಿರ ಹಿಡಿದ. ನನಗೆ ಇಲ್ಲಿಗೆ ಕೇಳಿಸಿತು.